ಮೂಗೆತ್ತಿದ ಗಾಡಿ

ಶತ್ರುವಿನ ಏಳಿಗೆಯನ್ನು ಮನುಷ್ಯ ಹೇಗೋ ಸಹಿಸುತ್ತಾನೆ. ಗೆಳೆಯನ ಏಳಿಗೆಯನ್ನೂ ಹಲ್ಲು ಕಚ್ಚಿಕೊಂಡು, ‘ಸಂತೋಷ, ಬಹಳ ಸಂತೋಷ’ ಎನ್ನುತ್ತಾ ಸಹಿಸುತ್ತಾನೆ. ಆದರೆ ಷಡ್ಡಕನ ಏಳಿಗೆಯನ್ನು ಸಹಿಸಬೇಕಾದರೆ ದೇವರು ಗಂಡಸಿಗೆ ಎರಡನೆಯದೊಂದು ಹೊಟ್ಟೆ ಕೊಡಬೇಕಿತ್ತು. ಕೊಡಲಿಲ್ಲ. ಇರುವ ಒಂದೇ ಹೊಟ್ಟೆಯಲ್ಲಿ ಊಟವೂ ಕರಗಬೇಕು, ಕಿಚ್ಚೂ ಉರಿಯಬೇಕು.

ಹಾಸಿಗೆರಾಯನ ಪಾಡು ಹೀಗೇ ಆಗಿತ್ತು. ಹಾಸಿಗೆ, ದಿಂಬು ಮಾಡಿ ಮಾರುವುದು ಅವನ ಕಸುಬು. ಇಷ್ಟು ಮೆತ್ತಗಿನ ವ್ಯಾಪಾರ ಮಾಡುವ ಇಷ್ಟು ಗಟ್ಟಿ ಗಂಟಲಿನ ಮನುಷ್ಯ ಜಗತ್ತಿನಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ಕೋಪ ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಕನ್ನಡಕ ಜಾರಿದರೂ ಬೈಯುತ್ತಿದ್ದ. ಮೊದಲು ಕನ್ನಡಕವನ್ನು, ಆಮೇಲೆ ಮೂಗನ್ನು. ಸರಕು ತಲುಪಿಸುವುದಕ್ಕೆ ಅವನ ಬಳಿ ಒಂದು ಪಿಕಪ್ ಗಾಡಿ ಇತ್ತು. ಹಳೆಯದಾದರೂ ಗುಂಡುಕಲ್ಲಿನ ಹಾಗಿತ್ತು. ಷಡ್ಡಕ ಹೊಸ ಪಿಕಪ್ ಕೊಳ್ಳುವ ತನಕ ಆ ಗಾಡಿಯಲ್ಲಿ ಯಾವ ದೋಷವೂ ಇರಲಿಲ್ಲ.

ಷಡ್ಡಕನದು ಮನೆಮನೆಗೆ ಕುಡಿಯುವ ನೀರಿನ ಕ್ಯಾನು ಹಾಕುವ ಕೆಲಸ. ಆಳು ನೀರಿನ ಡ್ರಮ್ಮಿನ ಹಾಗೆ ದಪ್ಪ, ಮಾತು ನೀರಿನ ಹಾಗೆ ತಣ್ಣಗೆ. ಬೈದರೂ ನಗುತ್ತಿದ್ದ. (ಹೊಟ್ಟೆಕಿಚ್ಚು ಪಡುವವನಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಕೆಟ್ಟವನಾಗಿದ್ದರೆ ದ್ವೇಷವನ್ನಾದರೂ ನೆಮ್ಮದಿಯಾಗಿ ಮಾಡಬಹುದಿತ್ತು.) ಒಂದು ಭಾನುವಾರ ಅವನು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೊಸ ಗಾಡಿಯನ್ನು ತಾನೇ ಓಡಿಸಿಕೊಂಡು ಬಂದು, ಹಾಸಿಗೆರಾಯನ ಗಾಡಿಯ ಪಕ್ಕಕ್ಕೇ ತಂದು ನಿಲ್ಲಿಸಿದ.

ಹಾಸಿಗೆರಾಯನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಎರಡು ಗಾಡಿಗಳನ್ನೂ ನೋಡಿದಳು.

“ರೀ, ಬನ್ನಿ ಇಲ್ಲಿ! ತಂಗಿ ಗಾಡಿ ಪಕ್ಕದಲ್ಲಿ ನಮ್ಮದು ಹೇಗೆ ನಿಂತಿದೆ ನೋಡಿ. ಧಣಿ ಮುಂದೆ ತಲೆ ತಗ್ಗಿಸಿ ನಿಂತಿರೋ ಆಳಿನ ಥರ ಇಲ್ವಾ?”

ಹಾಸಿಗೆರಾಯ ನೋಡಿದ. ಅಷ್ಟು ವರ್ಷ ಓಡಿಸಿದ ಗಾಡಿಯಲ್ಲಿ ಅಷ್ಟು ವರ್ಷ ಕಾಣದಿದ್ದದ್ದು ಅವತ್ತು ಕಂಡಿತು. ಖಾಲಿ ನಿಂತ ಗಾಡಿಯ ಹಿಂಭಾಗ ಮೇಲೆ, ಮೂಗು ಕೆಳಗೆ. ಷಡ್ಡಕನ ಗಾಡಿಯ ಬಾನೆಟ್ಟು ಎದೆಯುಬ್ಬಿಸಿ ನಿಂತಿದ್ದರೆ, ಇವನದು ಅದರ ಪಾದಕ್ಕೆ ಬೀಳುವುದಕ್ಕೆ ಹೊರಟಿದೆಯೇನೋ ಎನ್ನುವ ಹಾಗೆ ಬಾಗಿತ್ತು.

“ಗಾಡಿ ಸಾಮಾನು ಹೊರೋಕೆ ಇರೋದು. ಮದುವೆಗೆ ಹೆಣ್ಣು ನೋಡೋಕಲ್ಲ” ಎಂದು ಗುಡುಗಿದ.

“ನಾನೇನಂದೆ ಈಗ? ಎತ್ತರವಾಗಿದೆ ಅಂದೆ. ಅಮ್ಮ ಮನೆ ಬದಲಾಯಿಸೋ ದಿನ ನಾನಂತೂ ತಂಗಿ ಗಾಡೀಲೇ ಕೂರೋದು. ಅದ್ರಲ್ಲಿ ಕೂತ್ರೆ ಊರೆಲ್ಲ ಕಾಣುತ್ತೆ. ನಮ್ಮದ್ರಲ್ಲಿ ಕೂತ್ರೆ ಮುಂದಿರೋ ಬಸ್ಸಿನ ಹೊಗೆ ಕೊಳವೆ ಕಾಣುತ್ತೆ, ಅಷ್ಟೇ.”

ಈ ಮಾತು ಬಾಣದ ಹಾಗೆ ಬಂದು ನೆಟ್ಟಿತು. ಅತ್ತೆ ಹೊಲಿಗೆಯ ಕಸುಬಿನವರು. ಮಹಡಿ ಮನೆಯ ಮೆಟ್ಟಿಲು ಹತ್ತಲಾಗದೆ, ಊರಿನ ಇನ್ನೊಂದು ತುದಿಯಲ್ಲಿ ನೆಲದ ಮೇಲಿನ ಮನೆಯೊಂದನ್ನು ಹಿಡಿದಿದ್ದರು. ಇಬ್ಬರು ಅಳಿಯಂದಿರ ಎರಡು ಗಾಡಿಗಳಲ್ಲಿ ಸಾಮಾನು ಹೋಗಬೇಕೆಂದು ತೀರ್ಮಾನವಾಗಿತ್ತು. ಆ ಮೆರವಣಿಗೆಯಲ್ಲಿ ಹಿರಿಯಳಿಯನ ಗಾಡಿ ಮುಂದೆ, ಅದರಲ್ಲಿ ಹಿರಿಯಳಿಯ, ಅವನ ಪಕ್ಕದಲ್ಲಿ ಅವನ ಕೈಹಿಡಿದ ಧರ್ಮಪತ್ನಿ: ಇದು ಸೃಷ್ಟಿಯ ನಿಯಮ. ಆ ಧರ್ಮಪತ್ನಿಯೇ ಷಡ್ಡಕನ ಗಾಡಿ ಹತ್ತಿ ಕುಳಿತು ಊರೆಲ್ಲ ನೋಡುತ್ತಾ ಹೋದರೆ, ಊರೆಲ್ಲ ಇವನನ್ನು ನೋಡುವುದಿಲ್ಲವೇ? ಆ ದಿನ ಅವಳು ತನ್ನ ಪಕ್ಕದಲ್ಲೇ ಕೂರಬೇಕು, ತಾನಾಗಿ ಬಂದು ಕೂರಬೇಕು. ಇಲ್ಲದಿದ್ದರೆ ಮೀಸೆ ಇಟ್ಟುಕೊಂಡು ಏನು ಪ್ರಯೋಜನ?

ಊಟವಾದ ಮೇಲೆ ಷಡ್ಡಕ ಒಳಗೆ ಮಗ್ಗುಲಾಗಿದ್ದಾಗ ಹಾಸಿಗೆರಾಯ ಹಾಸಿಗೆ ಅಳೆಯುವ ಟೇಪನ್ನು ಅಂಗಿಯೊಳಗೆ ಸೇರಿಸಿಕೊಂಡು ಹೊರಗೆ ಬಂದ. ಹೊಸ ಗಾಡಿಯ ಮುಂದೆ ಮಂಡಿಯೂರಿ ನೆಲದಿಂದ ಬಾನೆಟ್ಟಿನವರೆಗೆ ಅಳೆಯುತ್ತಿದ್ದಾಗ, ಮೇಲಿನಿಂದ ಅದೇ ತಣ್ಣನೆಯ ದನಿ ಬಂತು.

“ಭಾವ, ಏನಾದ್ರೂ ಬಿತ್ತಾ?”

“ಹ್ಞಾಂ... ನಾಣ್ಯ. ನಾಣ್ಯ ಬಿತ್ತು.”

“ಅಯ್ಯೋ, ನೀವು ಏಳಿ ಭಾವ, ನಿಮಗೆ ಸೊಂಟ ನೋವು ಬೇರೆ.” ಆ ದಢೂತಿ ದೇಹ ಏದುಸಿರು ಬಿಡುತ್ತಾ ಗಾಡಿಯಡಿ ತೆವಳಿ, ಸ್ವಲ್ಪ ಹೊತ್ತಿನಲ್ಲಿ ಮಣ್ಣು ಮೆತ್ತಿಕೊಂಡು ಹೊರಬಂತು. ಕೈಯಲ್ಲಿ ಒಂದು ನಾಣ್ಯ! “ಸಿಕ್ತು ನೋಡಿ.”

ಬೀಳದ ನಾಣ್ಯ ಹೇಗೆ ಸಿಕ್ಕಿತು? ತನ್ನ ಜೇಬಿನದನ್ನೇ ತೆಗೆದುಕೊಟ್ಟಿದ್ದ ಪಾಪಿ. ಭಾವನ ಮನಸ್ಸು ನೋಯಬಾರದೆಂದು! ಹಾಸಿಗೆರಾಯನ ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಇಟ್ಟು ಅರೆದ ಹಾಗಾಯಿತು.

ಮರುದಿನ ಬೆಳಗ್ಗೆ ಮೆಕ್ಯಾನಿಕ್ಕನ ಶೆಡ್ಡಿನಲ್ಲಿ ಅವನು ನೇರವಾಗಿ ವಿಷಯಕ್ಕೆ ಬಂದ.

“ಮುಂದಿನಿಂದ ಗಾಡಿ ಎತ್ತರ ಆಗ್ಬೇಕು.”

ಮೆಕ್ಯಾನಿಕ್ಕು ಚಹಾ ಕುಡಿಯುತ್ತಿದ್ದ. ಗಾಡಿಯನ್ನು ಒಮ್ಮೆ ಸುತ್ತಿ ಬಂದ. “ಸ್ಪ್ರಿಂಗ್ ಮೇಲೆ ದಪ್ಪ ಬಿಲ್ಲೆ ಕೂರಿಸಿ ಎತ್ತಬಹುದು ಅಣ್ಣಾ. ಆದ್ರೆ ಹಿಂದೇನೂ ಎತ್ಬೇಕು.”

“ಹಿಂದಿನಿಂದ ಯಾರು ನೋಡ್ತಾರೆ? ನಿನ್ನ ಹಿಂಭಾಗ ಯಾರಾದ್ರೂ ನೋಡ್ತಾರಾ?”

“ಅದಲ್ಲ ಅಣ್ಣಾ. ಪಿಕಪ್ಪು ಖಾಲಿ ಇದ್ದಾಗ ಮೂಗು ಕೆಳಗೆ ಹಾಕ್ಕೊಂಡೇ ಇರುತ್ತೆ. ಲೋಡು ಬಿದ್ದಾಗ ಹಿಂದೆ ಕೂತ್ಕೊಂಡು ಸಮ ಆಗುತ್ತೆ. ನೀವು ಖಾಲಿ ಗಾಡಿ ಅಳತೆಗೆ ಅಂಗಿ ಹೊಲಿಸಿದ್ರೆ, ಹೊಟ್ಟೆ ತುಂಬಿದ ಮೇಲೆ ಗುಂಡಿ ಕಿತ್ತೋಗುತ್ತೆ.”

“ನಾನು ಸಾಗಿಸೋದು ಹತ್ತಿ ಕಣಯ್ಯಾ, ಹತ್ತಿ! ದಿಂಬು ಹಾಕಿದ್ರೆ ಯಾವ ಗಾಡಿ ಕೂರುತ್ತೆ?”

“ಸರಿ, ಎತ್ತಿದ ಮೇಲಾದ್ರೂ ಚಕ್ರದ ಅಲೈನ್‌ಮೆಂಟ್ ಮಾಡಿಸ್ಲೇಬೇಕು. ಸ್ಟೀರಿಂಗಿನ ಕೈಗಳು ಇಳಿಜಾರಾಗಿ ಹೋಗ್ತವೆ...”

“ನೀನು ಎತ್ತು ಅಂದ್ರೆ ಎತ್ತು! ಎತ್ತೋಕೆ ಬಂದವನಿಗೆ ಪುರಾಣ ಬೇಡ. ನನ್ನ ಕೈ ಸರಿಯಾಗಿದ್ರೆ ಸ್ಟೀರಿಂಗಿನ ಕೈ ತಾನಾಗಿ ಸರಿಯಾಗುತ್ತೆ.”

ಮೆಕ್ಯಾನಿಕ್ಕಿಗೂ ಹೆಂಡತಿ ಮಕ್ಕಳಿದ್ದರು. ವಾದ ಮಾಡದೆ ಎತ್ತಿದ.

ಸಂಜೆ ಗಾಡಿ ಮನೆಯ ಮುಂದೆ ನಿಂತಾಗ ಹಾಸಿಗೆರಾಯ ಹಾರ್ನು ಬಾರಿಸಿ ಹೆಂಡತಿಯನ್ನು ಕರೆದ. ಮೂಗೆತ್ತಿ ನಿಂತ ಗಾಡಿಯನ್ನು ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದಳು.

“ಇದಕ್ಕೇನಾಯ್ತು? ಯಾರ ಮೇಲೆ ಮುನಿಸಿಕೊಂಡಿದೆ?”

“ಎತ್ತರ ಮಾಡಿಸ್ದೆ. ಈಗ ಯಾರದು ಎತ್ತರ ಹೇಳು.”

ಅವಳ ಮುಖದಲ್ಲಿ ನಗುವೋ ಕನಿಕರವೋ ಏನೋ ಒಂದು ಸುಳಿದು ಹೋಯಿತು. “ಹತ್ತೋದು ಹೇಗೆ? ಏಣಿ ತರ್ಲಾ?”

ಹಾಸಿಗೆರಾಯ ಒಂದು ಮರದ ಸ್ಟೂಲು ಮಾಡಿಸಿ, ಅದರ ಮೇಲೆ ಅಂಗಡಿಯ ಅತ್ಯುತ್ತಮ ಹತ್ತಿಯ ಸಣ್ಣ ದಿಂಬೊಂದನ್ನು ಹೊಲಿಸಿ ಕೂರಿಸಿದ. ಮಹಾರಾಣಿಯರು ಅಂಬಾರಿ ಏರುವುದಕ್ಕೂ ಇಂಥ ಏರ್ಪಾಡು ಇದ್ದಿರಲಾರದು. ಅವಳು ಒಮ್ಮೆ ಹತ್ತಿ, ಕೂತು, ಇಳಿದು, “ನೋಡೋಣ” ಎಂದಳು. ಹೆಂಡತಿಯ ಬಾಯಲ್ಲಿ ‘ನೋಡೋಣ’ ಎಂದರೆ ಅರ್ಧ ಒಪ್ಪಿಗೆ. ಉಳಿದರ್ಧಕ್ಕಾಗಿ ಅವನು ಕಾದ.

ಕಾಯುವ ದಿನಗಳಲ್ಲಿ ಗಾಡಿ ತನ್ನ ಬಣ್ಣ ತೋರಿಸತೊಡಗಿತು. ತಿರುಗಿಸಿದರೆ ಸ್ವಲ್ಪ ಯೋಚನೆ ಮಾಡಿ ತಿರುಗುತ್ತಿತ್ತು. ತಿರುಗಿದ ಮೇಲೆ ನೇರವಾಗುವುದನ್ನು ಮರೆಯುತ್ತಿತ್ತು. ರಸ್ತೆಯಲ್ಲಿ ಸಣ್ಣದೊಂದು ಗುಂಡಿ ಸಿಕ್ಕರೆ ಯಾರನ್ನೂ ಕೇಳದೆ ಪಕ್ಕದ ಸಾಲಿಗೆ ಹೋಗಿ ಅಲ್ಲಿಯವರ ಯೋಗಕ್ಷೇಮ ವಿಚಾರಿಸಿಕೊಂಡು ಬರುತ್ತಿತ್ತು. ಉಬ್ಬು ಹತ್ತಿ ಇಳಿದಾಗಲೆಲ್ಲ ಮುಂದಿನ ಚಕ್ರಗಳು ಜೋತುಬಿದ್ದು, ಸೊಸೆಯ ಅಡುಗೆ ರುಚಿ ನೋಡಿದ ಅತ್ತೆ ಲೊಚಗುಟ್ಟಿದ ಹಾಗೆ ಅಡಿಯಲ್ಲಿ ‘ಟಕ್’ ಎನ್ನುತ್ತಿತ್ತು. ಟಯರುಗಳ ಒಂದೊಂದು ಅಂಚು ಮಾತ್ರ ಸವೆದು ಬೋಳಾಗತೊಡಗಿತು. ಸಂಜೆ ದೀಪ ಹಾಕಿದರೆ ಬೆಳಕು ರಸ್ತೆಗೆ ಬೀಳದೆ ಮಹಡಿ ಮನೆಗಳ ಕಿಟಕಿಗೆ ಬೀಳುತ್ತಿತ್ತು. ಎದುರು ಮಹಡಿಯ ಹಲ್ಲಿನ ಡಾಕ್ಟರು ಒಂದು ದಿನ ತಡೆದು ನಿಲ್ಲಿಸಿ, “ನೀವು ಆರು ಗಂಟೆಗೆ ಸರಿಯಾಗಿ ಬಂದು ಎರಡು ನಿಮಿಷ ನಿಲ್ತೀರಾದ್ರೆ ಹೇಳಿ, ಕೀಳೋ ಹಲ್ಲುಗಳನ್ನೆಲ್ಲ ಆ ಹೊತ್ತಿಗೇ ಇಟ್ಕೋತೀನಿ. ನನ್ನ ಲೈಟಿಗಿಂತ ನಿಮ್ಮದೇ ಚೆನ್ನಾಗಿದೆ” ಎಂದರು.

ಇದನ್ನೆಲ್ಲ ಹೆಂಡತಿಗೆ ಹೇಳುವ ಹಾಗಿಲ್ಲ. ಹೇಳಿದರೆ ಅವಳು ಸ್ಟೂಲಿನ ಮೇಲೆ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದು ತಂಗಿಯ ಗಾಡಿಯಲ್ಲಿಡುತ್ತಾಳೆ. ಆದ್ದರಿಂದ ದಿನವಿಡೀ ಗಾಡಿಯ ಜೊತೆ ಗುದ್ದಾಡಿ, ಮನೆಗೆ ಬಂದು ಅರಮನೆಯಿಂದ ಇಳಿದವನ ಹಾಗೆ ನಗುತ್ತಿದ್ದ. ಕೈಗಳು ಮಾತ್ರ ಗುಟ್ಟು ಬಿಟ್ಟುಕೊಟ್ಟವು. ಒಂದು ದಿನ ಊಟಕ್ಕೆ ಕೂತಾಗ ನೀರಿನ ಲೋಟ ಬಾಯಿಯವರೆಗೆ ಬರಲೇ ಇಲ್ಲ. ಬಾಯೇ ಲೋಟದ ತನಕ ಹೋಗಬೇಕಾಯಿತು.

“ರೀ, ಕೈಗೇನಾಯ್ತು?”

“ಏನಿಲ್ಲ. ಅಂಗಡೀಲಿ ದಿಂಬು ಬಿತ್ತು.”

“ದಿಂಬು ಬಿದ್ದು ಕೈ ಊದಿಕೊಳ್ತಾ?”

“ದೊಡ್ಡ ದಿಂಬು.”

ಅವಳು ಮುಲಾಮು ತಂದು ತಿಕ್ಕಿದಳು. ತಿಕ್ಕುತ್ತಾ ತಿಕ್ಕುತ್ತಾ, “ನಾನು ಎತ್ತರ ಅಂದದ್ದು ತಮಾಷೆಗೆ. ನೀವು ಇಷ್ಟೆಲ್ಲ ಮಾಡಿದ ಮೇಲೆ ನಿಮ್ಮ ಜೊತೆ ಬರ್ದೆ ಇರ್ತೀನಾ? ಅಮ್ಮನ ಸಾಮಾನಿನ ದಿನ ನಿಮ್ಮ ಪಕ್ಕದಲ್ಲೇ ಕೂರ್ತೀನಿ, ಬಿಡಿ” ಎಂದಳು.

ಹಾಸಿಗೆರಾಯನ ಕಣ್ಣಲ್ಲಿ ನೀರು ಬಂತು. ಮುಲಾಮಿನ ಘಾಟು ಎಂದು ಹೇಳಿದ.

ಆ ದಿನ ಬಂತು. ಅತ್ತೆಯವರ ಮಹಡಿಯಿಂದ ಕೂಲಿಯವರು ಸಾಮಾನು ಇಳಿಸತೊಡಗಿದರು. ಹೆಣ್ಣಾನೆಯಂಥ ಮರದ ಕಪಾಟು, ಬಟ್ಟೆ ಕತ್ತರಿಸುವ ಉದ್ದನೆಯ ಹಲಗೆ ಮೇಜು, ಕಬ್ಬಿಣದ ಕಾಲಿನ ಹೊಲಿಗೆ ಯಂತ್ರಗಳು. ಅತ್ತೆ ಕೆಳಗೆ ಕುರ್ಚಿ ಹಾಕಿಕೊಂಡು ಅಪ್ಪಣೆ ಕೊಡುತ್ತಿದ್ದರು.

“ಯಂತ್ರ, ಕಪಾಟು ಎಲ್ಲ ಚಿಕ್ಕಳಿಯಂದ್ರ ಗಾಡಿಗೆ ಹಾಕಿ. ಅದು ನೀರು ಹೊತ್ತು ಪಳಗಿದ ಗಾಡಿ. ಪಾತ್ರೆ, ಬಟ್ಟೆ ಗಂಟು ದೊಡ್ಡಳಿಯಂದ್ರದಕ್ಕೆ.”

ಪಾತ್ರೆ! ಬಟ್ಟೆ ಗಂಟು! ಹಾಸಿಗೆರಾಯ ಕೆಂಡವಾದ. “ಅತ್ತೇ, ನಾನೇನು ಸತ್ತು ಹೋಗಿದೀನಾ? ಭಾರದ್ದೆಲ್ಲ ನನ್ನ ಗಾಡಿಗೇ ಬರ್ಬೇಕು. ಹಿರಿಯಳಿಯ ಯಾರು, ನಾನಾ ಅವನಾ?”

“ಭಾವ ಹೇಳೋದು ಸರಿ ಅತ್ತೆ” ಎಂದ ಷಡ್ಡಕ, ಯಾವತ್ತಿನ ಹಾಗೆ ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತಾ.

ಭಾರದ್ದೆಲ್ಲ ಇವನ ಗಾಡಿಗೆ ಬಂತು. ಅಷ್ಟಕ್ಕೇ ಬಿಟ್ಟಿದ್ದರೂ ಬದುಕಬಹುದಿತ್ತೇನೋ. ಆದರೆ ಕಪಾಟು ಊರಿಗೆಲ್ಲ ಕಾಣಬೇಕೆಂದು ಅದನ್ನು ಕಟ್ಟಕಡೆಗೆ, ಗಾಡಿಯ ಬಾಲದ ತುದಿಯಲ್ಲಿ ನಿಲ್ಲಿಸಿ ಕಟ್ಟಿಸಿದ. ಯಂತ್ರಗಳನ್ನು ಅದರ ಬುಡಕ್ಕೆ ಜೋಡಿಸಿದ. ಒಂದೊಂದು ಯಂತ್ರ ಏರಿದಂತೆಲ್ಲ ಗಾಡಿಯ ಹಿಂಭಾಗ ಇಷ್ಟಿಷ್ಟೇ ಕೂತಿತು, ಮೂಗು ಇಷ್ಟಿಷ್ಟೇ ಎದ್ದಿತು. ಮೂಗಿಗಿಂತ ಮೂಗುತಿ ಭಾರ ಎಂದು ಹಿರಿಯರು ಹೇಳಿದ್ದಾರೆ; ಇಲ್ಲಿ ಭಾರವೆಲ್ಲ ಬಾಲಕ್ಕೆ ಬಿದ್ದು ಮೂಗು ಮುಗಿಲು ನೋಡಿತು. ಕೂಲಿಯವರು ಹೊಸ ಮನೆಯಲ್ಲಿ ಇಳಿಸಿಕೊಳ್ಳುವುದಕ್ಕೆ ಆಟೋ ಹತ್ತಿ ಮುಂದೆ ಹೋದರು.

ಹೆಂಡತಿ ಗೋಡೆ ಗಡಿಯಾರವನ್ನು ಎದೆಗೆ ಅವುಚಿಕೊಂಡು, ದಿಂಬಿನ ಸ್ಟೂಲು ಏರಿ, ಬಂದು ಪಕ್ಕದಲ್ಲಿ ಕೂತಳು. ಷಡ್ಡಕನ ಗಾಡಿಯಲ್ಲಿ ಅತ್ತೆ, ನಾದಿನಿ, ಷಡ್ಡಕ. ಹಾಸಿಗೆರಾಯ ಕನ್ನಡಿಯಲ್ಲಿ ಅವರನ್ನು ನೋಡಿ ಮೀಸೆ ತಿರುವಿದ. ಗಾಡಿ ಹೊರಟಿತು. ಸ್ವರ್ಗಕ್ಕೆ ಒಂದೇ ಗೇಣು ಉಳಿದಿತ್ತು. (ಗಾಡಿಯ ಮೂಗನ್ನು ನೋಡಿದವರು ಅಷ್ಟೂ ಉಳಿದಿರಲಿಲ್ಲ ಎನ್ನುತ್ತಾರೆ.)

“ರೀ, ರಸ್ತೆ ಎಲ್ಲಿ?”

“ಮುಂದೆ ಇದೆ.”

“ನನಗೆ ಆಕಾಶ ಕಾಣಿಸ್ತಿದೆ.”

“ಊರೆಲ್ಲ ಕಾಣ್ಬೇಕು ಅಂದ್ಯಲ್ಲ!”

“ಊರು ಅಂದೆ. ಮೋಡ ಅಂದ್ನಾ?”

ಹಾಸಿಗೆರಾಯ ಸ್ಟೀರಿಂಗು ತಿರುಗಿಸಿ ನೋಡಿದ. ಇಷ್ಟು ದಿನ ಕಲ್ಲಿನ ಹಾಗೆ ಭಾರವಾಗಿದ್ದ ಸ್ಟೀರಿಂಗು ಇವತ್ತು ಇದ್ದಕ್ಕಿದ್ದಂತೆ ಹೂವಿನ ಹಾಗೆ ಹಗುರವಾಗಿತ್ತು. ಮೊದಲು ಅವನಿಗೆ ಸಂತೋಷವಾಯಿತು. ಆಮೇಲೆ ಗೊತ್ತಾಯಿತು: ಅವನು ಬಲಕ್ಕೆ ತಿರುಗಿಸುತ್ತಿದ್ದ, ಗಾಡಿ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಮುಂದಿನ ಚಕ್ರಗಳು ನೆಲವನ್ನು ದೂರದ ನೆಂಟರ ಹಾಗೆ ಆಗೊಮ್ಮೆ ಈಗೊಮ್ಮೆ ಮುಟ್ಟಿ ಮಾತಾಡಿಸುತ್ತಿದ್ದವು.

“ರೀ, ರೀ, ತಿರುವು! ತಿರುಗ್ಸಿ!”

“ತಿರುಗ್ಸಿದೀನಿ ಕಣೇ!”

“ಗಾಡಿ ತಿರುಗ್ಸಿ ಅಂದೆ, ಸ್ಟೀರಿಂಗಲ್ಲ!”

ಬ್ರೇಕು ತುಳಿದದ್ದಕ್ಕೆ ಗಾಡಿ ಆಮೆಯ ಹಾಗೆ ನಿಧಾನವಾಯಿತು. ಆದರೆ ನಿಲ್ಲುವ ಮೊದಲು ತಿರುವಿನ ಕ್ಷೌರದಂಗಡಿಯ ಮುಂದಿನ ನೆರಳುಬಟ್ಟೆಯನ್ನು ಮೂಗಿನಿಂದ ಮೇಲೆತ್ತಿ, ತಲೆಯನ್ನು ಒಳಗೆ ತೂರಿಸಿ, ಆಮೇಲೆ ನಿಂತಿತು. ಒಳಗೆ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದವನು ಕನ್ನಡಿಯಲ್ಲಿ ಹಿಂದೊಂದು ಗಾಡಿಯನ್ನು ಕಂಡು ಕಣ್ಣು ಮುಚ್ಚಿಕೊಂಡ. ಕ್ಷೌರದವನು ಕತ್ತಿ ಎತ್ತಿ ಹಿಡಿದು, “ಇವರದು ಮುಗೀಲಿ ಸ್ವಾಮಿ, ಆಮೇಲೆ ನಿಮ್ಮದೇ” ಎಂದ.

ಹಿಂದಿನ ಗಾಡಿ ಬಂದು ನಿಂತಿತು. ಅದರಲ್ಲಿದ್ದವರೂ ಹಾಸಿಗೆರಾಯನೂ ಇಳಿದರು; ಹೆಂಡತಿ ಮಾತ್ರ ಗಡಿಯಾರ ಅವುಚಿಕೊಂಡು ಕೂತೇ ಇದ್ದಳು. ಹಾಸಿಗೆರಾಯ ಕ್ಷೌರದವನಿಗೆ ಬೈದ, ತಿರುವಿಗೆ ಬೈದ, ರಸ್ತೆ ಹಾಕಿದವರ ವಂಶಕ್ಕೆ ಬೈದ. ಬೈಯಲು ಇನ್ನು ಯಾರೂ ಉಳಿಯದಾಗ ಮೆಕ್ಯಾನಿಕ್ಕಿಗೆ ಫೋನು ಮಾಡಿದ. ಕೋಪದಲ್ಲಿ ಒತ್ತಬಾರದ ಗುಂಡಿ ಒತ್ತಿದ್ದರಿಂದ ಮೆಕ್ಯಾನಿಕ್ಕಿನ ದನಿ ಬೀದಿಗೆಲ್ಲ ಕೇಳಿಸಿತು.

“ಕಪಾಟು ಬಾಲದಲ್ಲಿ ಇಟ್ಟಿದೀರಾ? ಅಯ್ಯೋ ಅಣ್ಣಾ, ನಾನು ಅವತ್ತೇ ಬಡ್ಕೊಂಡೆ, ಷಡ್ಡಕನ ಗಾಡಿ ನೋಡಿ ಮೂಗು ಎತ್ತಿಸ್ಬೇಡಿ ಅಂತ!” (ಹಾಗೆಂದು ಅವನು ಅವತ್ತು ಹೇಳಿರಲೇ ಇಲ್ಲ. ಆದರೆ ಇಡೀ ಊರಿಗೆ ಕಾರಣ ಗೊತ್ತಿತ್ತೆಂದು ಹಾಸಿಗೆರಾಯನಿಗೆ ತಿಳಿದದ್ದು ಈಗಲೇ.) “ಭಾರ ಎಲ್ಲ ಇಳಿಸಿ ಮುಂದಕ್ಕೆ ಜೋಡಿಸಿ. ಅದಾಗಲ್ಲ ಅಂದ್ರೆ ಯಂತ್ರಗಳನ್ನಾದ್ರೂ ಆ ಗಾಡಿಗೆ ಹಾಕಿ, ಕಪಾಟನ್ನ ಆದಷ್ಟು ಮುಂದಕ್ಕೆ ತಳ್ಳಿ, ನಿಮ್ಮ ಪಕ್ಕದ ಸೀಟಿನಲ್ಲಿ ಒಳ್ಳೇ ತೂಕದೋರನ್ನ ಕೂರಿಸ್ಕೊಂಡು ನಡೆಯೋ ವೇಗದಲ್ಲಿ ಬನ್ನಿ.”

ಬೀದಿಯ ನಾಲ್ಕು ಜನ ಕೈ ಕೊಟ್ಟರು. ಯಂತ್ರಗಳು ಷಡ್ಡಕನ ಗಾಡಿಗೆ ಹೋದವು, ಕಪಾಟು ಮೊಳದಷ್ಟು ಮುಂದೆ ಸರಿಯಿತು. ಉಳಿದದ್ದು ಒಳ್ಳೇ ತೂಕದವರ ಪ್ರಶ್ನೆ. ಎಲ್ಲರ ಕಣ್ಣುಗಳೂ ನಿಧಾನವಾಗಿ, ಮರ್ಯಾದೆಯಿಂದ, ಷಡ್ಡಕನ ಕಡೆಗೆ ತಿರುಗಿದವು. ಅವನು ನಾಚಿದ.

“ದೊಡ್ಡವಳೇ, ಇಳಿಯೇ” ಎಂದರು ಅತ್ತೆ. “ನಿನ್ನ ತೂಕಕ್ಕೆ ತಕ್ಕಡೀನೂ ಅಲ್ಲಾಡಲ್ಲ. ಚಿಕ್ಕಳಿಯಂದ್ರು ಕೂರ್ಲಿ.”

“ಬೇಡ!” ಎಂದ ಹಾಸಿಗೆರಾಯ. “ಅವಳೇ ಕೂರ್ಬೇಕು! ಇನ್ನೂ ಎರಡು ಗಡಿಯಾರ ಕೊಡಿ ಅವಳ ಕೈಗೆ!”

“ಅಳಿಯಂದ್ರೇ, ನನ್ನ ಕಪಾಟು ಮೂವತ್ತು ವರ್ಷದ್ದು, ನನ್ನ ಮಗಳು ಅದಕ್ಕಿಂತ ಹಳಬಳು. ಎರಡೂ ನನಗೆ ಇಡಿಯಾಗಿ ಬೇಕು.”

ಹೆಂಡತಿ ಆಗಲೇ ಇಳಿದಿದ್ದಳು. ಎಷ್ಟು ಬೇಗ ಇಳಿದಳೆಂದರೆ ಸ್ಟೂಲನ್ನೂ ಕೇಳಲಿಲ್ಲ.

“ಹಾಗಾದ್ರೆ ಆ ಗಾಡಿ ಯಾರು ಓಡಿಸ್ತಾರೆ?” ಎಂದು ಹಾಸಿಗೆರಾಯ ಕೊನೆಯ ಬಾಣ ಬಿಟ್ಟ.

ನಾದಿನಿ ಸೆರಗು ಸಿಕ್ಕಿಸಿ, ಬಾಗಿಲು ತೆಗೆದು, ಏರಿ ಕೂತು, ಸೀಟನ್ನು ತನ್ನ ಅಳತೆಗೆ ಒಂದೇ ಏಟಿಗೆ ಸರಿಪಡಿಸಿಕೊಂಡಳು. “ನಾನೇ ಭಾವ. ಬಾರೇ ಅಕ್ಕ, ಹತ್ತು.”

ಷಡ್ಡಕ ಬಂದು ಕೂತ. ಕೂತ ಕ್ಷಣವೇ ಗಾಡಿಯ ಮೂಗು ನಿಟ್ಟುಸಿರು ಬಿಟ್ಟು ಕೆಳಗಿಳಿಯಿತು. ಚಕ್ರಗಳು ನೆಲವನ್ನು ಹಿಡಿದವು. ಇಷ್ಟು ದಿನ ಆಸೆಪಟ್ಟು, ಕೈ ಊದಿಸಿಕೊಂಡು, ದಿಂಬಿನ ಸ್ಟೂಲು ಮಾಡಿಸಿ ಕಾದಿಟ್ಟ ಜಾಗದಲ್ಲಿ ಯಾರು ಕೂರಬಾರದಿತ್ತೋ ಅವನೇ, ಅಂಚಿನಿಂದಂಚಿಗೆ, ಗಾಳಿಗೂ ಎಡೆಯಿಲ್ಲದ ಹಾಗೆ ಕೂತಿದ್ದ. ಗೇರು ಹಾಕಬೇಕಾದರೆ ಅವನ ಮಂಡಿಯನ್ನು ಅಪ್ಪಣೆ ಕೇಳಬೇಕಿತ್ತು.

ಗಾಡಿ ತೆವಳಿತು. ಗುಂಡಿ ಬಂದಾಗ ಮತ್ತೆ ಪಕ್ಕಕ್ಕೆ ಎಳೆಯಿತು.

“ಭಾವ, ನಾನೂ ಒಂದು ಕೈ ಹಾಕ್ಲಾ?”

“ಮುಟ್ಟಿದ್ರೆ ನೋಡು!”

ಮುಂದಿನ ಗುಂಡಿಗೆ ಹಾಸಿಗೆರಾಯನೇ, “ಹಾಕು ಮಾರಾಯಾ, ಹಾಕು ಕೈ!” ಎಂದು ಕಿರುಚಿದ. ಒಬ್ಬ ಎಳೆದ, ಇನ್ನೊಬ್ಬ ತಳ್ಳಿದ. ಇಬ್ಬರು ಗಂಡಸರು ಸೇರಿ ರೊಟ್ಟಿಯೊಂದನ್ನು ಕಿತ್ತಾಡಿದ ಹಾಗೆ ಆ ಸ್ಟೀರಿಂಗನ್ನು ತಿರುವಿದರು. ಗಾಡಿ ನೇರವಾಯಿತು. ಷಡ್ಡಕ ಮಗುವಿನ ಹಾಗೆ ನಕ್ಕ.

“ಎಷ್ಟು ದಿನ ಆಯ್ತು ಭಾವ, ಮನಸಾರೆ ಸ್ಟೀರಿಂಗ್ ಹಿಡಿದು!”

“ಏನು? ದಿನಾ ಓಡಿಸೋನಿಗೆ ಏನು ಬರಗಾಲ?”

“ನಾನೆಲ್ಲಿ ಓಡಿಸ್ತೀನಿ? ಓಡಿಸೋದು ಅವಳು, ಕ್ಯಾನ್ ಎತ್ತೋದು ನಾನು. ಗಾಡಿ ಬಂದ ವಾರವೇ ಒಂದು ಕಂಬಕ್ಕೆ ತಾಗಿಸ್ಬಿಟ್ಟೆ. ಅವತ್ತಿಂದ ನನಗೆ ಕೊಡಲ್ಲ. ನಿಮ್ಮನೆಗೆ ಬರುವಾಗ ಮಾತ್ರ ನಿಮ್ಮ ಬೀದಿ ಮೂಲೇಲಿ ನಿಲ್ಲಿಸಿ ಇಳೀತಾಳೆ. ‘ಭಾವನ ಎದುರು ಮರ್ಯಾದೆ ಹೋಗೋದು ಬೇಡ, ಇಲ್ಲಿಂದ ನೀವೇ ಓಡಿಸ್ಕೊಂಡು ಹೋಗಿ’ ಅಂತಾಳೆ. ಇವತ್ತೂ ನಿಮ್ಮ ಕಣ್ಣೆದುರಿಗೆ ಅಂತಲೇ ಅಷ್ಟು ದೂರ ಕೊಟ್ಟಿದ್ಲು. ನಿಮ್ಮನ್ನ ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ ಭಾವ. ಸ್ವಂತ ಗಾಡಿ, ಸ್ವಂತ ಸ್ಟೀರಿಂಗು!”

ಇಷ್ಟು ದಿನ ಹೊಟ್ಟೆಯಲ್ಲಿ ಸೌದೆ ಒಟ್ಟಿ ಒಟ್ಟಿ ಉರಿಸಿದ ಬೆಂಕಿಯೆಲ್ಲ ಒಂದು ಬೀದಿಯ ಉದ್ದದ ಯಜಮಾನಿಕೆಯ ಮೇಲೆ! ಹಾಸಿಗೆರಾಯನಿಗೆ ನಗು ಬಂತು. ನಗು ಬಂದದ್ದು ಕಂಡು ಷಡ್ಡಕನಿಗೂ ಬಂತು. ಹಿರಿಯಳಿಯ ಉದಾರನಾದ. “ತಗೋ, ಈ ನೇರ ರಸ್ತೆ ಮುಗಿಯೋ ತನಕ ನೀನೂ ಹಿಡ್ಕೋ” ಎಂದ. ಇಬ್ಬರೂ ನಾಲ್ಕು ಕೈಯಲ್ಲಿ ಗಾಡಿ ಓಡಿಸುತ್ತಾ, ಇಬ್ಬರ ಹೆಂಡತಿಯರನ್ನೂ ಸಮವಾಗಿ ಬೈಯುತ್ತಾ ಹೋದರು.

ಮುಂದೆ ಎತ್ತರದ ಗಾಡಿಯಲ್ಲಿ ಮೂರು ತಲೆಗಳು ಕಾಣುತ್ತಿದ್ದವು. ಬಲಗಡೆಯದು ನಾದಿನಿಯದು, ನಡುವೆ ಅತ್ತೆಯವರದು. ಎಡ ಕಿಟಕಿಯಿಂದ ಹೊರಗೆ ಇಣುಕಿ, ಗಾಳಿಗೆ ಕೂದಲು ಬಿಟ್ಟುಕೊಂಡು, ಊರೆಲ್ಲವನ್ನೂ ನೋಡುತ್ತಿದ್ದದ್ದು ಅವನ ಧರ್ಮಪತ್ನಿಯದು. ಆ ತಲೆ ಒಂದು ಸಲ ತಂಗಿಯ ಕೈಯಲ್ಲಿದ್ದ ಸ್ಟೀರಿಂಗಿನ ಕಡೆಗೆ ತಿರುಗಿತು. ತಿರುಗಿದ್ದು ಅಲ್ಲೇ ನಿಂತಿತು, ಹೊಸ ಮನೆ ಬರುವ ತನಕ.

ಮರುದಿನವೇ ಹಾಸಿಗೆರಾಯ ಬಿಲ್ಲೆಗಳನ್ನು ಕೀಳಿಸಿದ. ಅಲೈನ್‌ಮೆಂಟನ್ನೂ ಮಾಡಿಸಿದ, ಬಾಯಿ ಮುಚ್ಚಿಕೊಂಡು. ಬೋಳಾದ ಟಯರು ಬದಲಾದವು, ದೀಪ ರಸ್ತೆಗೆ ಇಳಿಯಿತು (ಹಲ್ಲಿನ ಡಾಕ್ಟರಿಗೆ ಬೇಸರವಾಯಿತು). ಬೆರಳು ತಾಗಿಸಿದರೆ ಸಾಕು, ಗಾಡಿ ಹೇಳಿದ ಕಡೆಗೆ ತಿರುಗುತ್ತಿತ್ತು. ಕೈನೋವು ಹೋಯಿತು. ಹೊಟ್ಟೆಯ ಉರಿಯೂ ಹೋಯಿತು. ಒಬ್ಬ ಕ್ಯಾನು ಎತ್ತುವವನ ಮೇಲೆ ಯಾರು ಹೊಟ್ಟೆಕಿಚ್ಚು ಪಡುತ್ತಾರೆ? ಹೆಂಡತಿ ಮಾತ್ರ ಈಚೆಗೆ ದಿನಾ ಬೆಳಗ್ಗೆ, “ತಂಗಿ ಮನೇಲಿ ಸ್ವಲ್ಪ ಕೆಲಸ ಇದೆ” ಎಂದು ಹೊರಟುಬಿಡುತ್ತಿದ್ದಳು. ಅಕ್ಕತಂಗಿಯರ ಕೆಲಸ, ಗಂಡಸು ಕೇಳಬಾರದು ಎಂದು ಸುಮ್ಮನಿದ್ದ.

ಒಂದು ಬೆಳಗ್ಗೆ ಹಾಸಿಗೆಗಳನ್ನು ಏರಿಸಿ, ಗಾಡಿ ಒರೆಸಿ ಹೊಳೆಯಿಸಿ, ಇವತ್ತು ಹೆಂಡತಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿಬರಲೇಬೇಕೆಂದು ಸ್ಟೀರಿಂಗಿನ ಮುಂದೆ ಕೂತಿದ್ದ. ಪಕ್ಕದ ಬಾಗಿಲು ತೆರೆಯಿತು. ಕಣ್ಣು ತುಂಬ ಪ್ರೀತಿ ತುಂಬಿಕೊಂಡು ತಿರುಗಿದ. ಊಟದ ಡಬ್ಬಿ ಹಿಡಿದುಕೊಂಡು ಷಡ್ಡಕ ಹತ್ತಿ ಕೂತ.

“ನೀನೇನೋ ಇಲ್ಲಿ?”

“ನನಗೆ ಅಲ್ಲಿ ಜಾಗ ಇಲ್ಲ ಭಾವ. ನನ್ನ ಸೀಟಲ್ಲಿ ಈಗ ನನ್ನ ಹೆಂಡ್ತಿ ಕೂರ್ತಾಳೆ.”

“ಮತ್ತೆ ಅವಳ ಸೀಟಲ್ಲಿ?”

ಷಡ್ಡಕ ಉತ್ತರ ಹೇಳುವ ಮೊದಲೇ ಹಿಂದಿನಿಂದ ಹಾರ್ನು ಬಡಿಯಿತು. ಎದೆ ಒಡೆಯುವಂಥ ಹಾರ್ನು. ಹಾಸಿಗೆರಾಯನ ಕೋಪ ನೆತ್ತಿಗೇರಿತು. ಯಾವನೋ ಅವನು, ನನ್ನ ಮನೆ ಮುಂದೆ, ಎಂದು ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಬೈಯಲು ಬಾಯಿ ತೆರೆದ. ಎತ್ತರದ ಗಾಡಿ ನಿಂತಿತ್ತು. ಅದರ ಮುಂದೆ ಕಲಿಯುವವರ ಕೆಂಪು ಹಲಗೆ. ಕತ್ತೆತ್ತಿ, ಇನ್ನೂ ಎತ್ತಿ ನೋಡಿದ. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಮುಂದಕ್ಕೆ ಬಾಗಿ, ಅವನ ಹೆಂಡತಿ ಕೂತಿದ್ದಳು.

“ರೀ, ನಿಮ್ಮ ಗಾಡಿ ಸ್ವಲ್ಪ ಪಕ್ಕಕ್ಕೆ ತಗೊಳ್ಳಿ! ಇಷ್ಟು ಮೇಲಿಂದ ಅದು ನನಗೆ ಕಾಣಿಸ್ತಾನೇ ಇಲ್ಲ!”

ಹಾಸಿಗೆರಾಯ ತೆರೆದ ಬಾಯಿ ಮುಚ್ಚಿ ಕೀಲಿಗೆ ಕೈ ಹಾಕಿದ.

“ಬೇಗ ತೆಗೀರಿ ಭಾವ” ಎಂದ ಷಡ್ಡಕ, ಡಬ್ಬಿಯನ್ನು ಭದ್ರವಾಗಿ ಅವುಚಿಕೊಳ್ಳುತ್ತಾ. “ಅಕ್ಕನಿಗೆ ಬ್ರೇಕು ಇನ್ನೂ ಹೇಳಿಕೊಟ್ಟಿಲ್ಲ.”